ಮಲ್ಪೆ ಬಂದರಿನಿಂದ ಕಲ್ಲುಕಂಬಗಳ ದ್ವೀಪಕ್ಕೆ

ಮಂಗಳವಾರ

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್ ಸಾಗಿದರೆ ಮಲ್ಪೆ ಸಿಗುತ್ತದೆ. ಕೃಷ್ಣಮಠಕ್ಕೆ ಬಂದವರಲ್ಲಿ ಹೆಚ್ಚಿನವರು ದರ್ಶನ, ಊಟ ಮುಗಿಸಿ, ಸಿಕ್ಕಿದ ಬಸ್ಸನ್ನೋ ಆಟೋವನ್ನೋ ಹತ್ತಿ ಇಲ್ಲಿಗೆ ಬರುತ್ತಾರೆ. ಬೋಟು ಇದ್ದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಫೋಟೊ ತೆಗೆದುಕೊಂಡು ಸಂಜೆಯೊಳಗೆ ಮರಳುತ್ತಾರೆ. ಆ ಲೆಕ್ಕದಲ್ಲಿ ಮಲ್ಪೆ ಎಂದರೆ ಟಿಕೆಟ್ ಕೊಳ್ಳುವ ಜಾಗ, ಅಷ್ಟೆ. ನನಗೆ ಆ ಲೆಕ್ಕ ಎಂದೂ ಒಪ್ಪಿಗೆಯಾಗಿಲ್ಲ. ದ್ವೀಪದ ಬೋಟು ಯಾವ ಹೊತ್ತಿಗೆ ಹೊರಡಬೇಕು, ಯಾವ ದಿನ ಹೊರಡಲೇಬಾರದು ಎಂಬುದನ್ನು ಹೇಳಬಲ್ಲ ಅರಿವು ಇರುವುದು ಈ ಊರಿನ ಮೀನುಗಾರರಲ್ಲಿ. ಆದ್ದರಿಂದ ಮೊದಲು ಊರು, ಆಮೇಲೆ ದ್ವೀಪ ಎಂದು ನಿಶ್ಚಯಿಸಿ, ಫೆಬ್ರುವರಿಯ ಒಂದು ಮಂಗಳವಾರ ಮಧ್ಯಾಹ್ನ ಮಲ್ಪೆಗೆ ಬಂದಿಳಿದು, ಬಂದರಿಗೂ ಕಡಲತೀರಕ್ಕೂ ನಡೆದೇ ಹೋಗಬಹುದಾದ ಒಂದು ವಸತಿಗೃಹದಲ್ಲಿ ಕೋಣೆ ಹಿಡಿದೆ.

ಊರಿನ ರಚನೆಯನ್ನು ಅರ್ಥ ಮಾಡಿಕೊಳ್ಳಲು ಹೊಳೆಯನ್ನು ನೋಡಬೇಕು. ದಕ್ಷಿಣದಿಂದ ಬರುವ ಉದ್ಯಾವರ ಹೊಳೆ ನೇರವಾಗಿ ಕಡಲಿಗೆ ಸೇರುವುದಿಲ್ಲ. ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು, ತನಗೂ ಸಮುದ್ರಕ್ಕೂ ನಡುವೆ ಪಡುಕೆರೆ ಎಂಬ ಮರಳಿನ ಪಟ್ಟಿಯನ್ನು ಉಳಿಸಿಕೊಂಡು, ಮಲ್ಪೆಯ ಬಳಿ ಮಾತ್ರ ಪಶ್ಚಿಮಕ್ಕೆ ತಿರುಗಿ ಕಡಲನ್ನು ಕೂಡುತ್ತದೆ. ಆ ಸಂಗಮಸ್ಥಾನವನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಳಿವೆಯ ಒಳಗೆ, ಅಲೆಗಳ ಹೊಡೆತ ತಲುಪದ ಶಾಂತ ನೀರಿನಲ್ಲಿ, ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದಾದ ಮಲ್ಪೆ ಬಂದರು ಇದೆ. ಹೊಳೆ ನೇರವಾಗಿ ಹರಿದಿದ್ದರೆ ಈ ಆಸರೆ ಇರುತ್ತಿರಲಿಲ್ಲ, ಊರೂ ಈ ಪ್ರಮಾಣಕ್ಕೆ ಬೆಳೆಯುತ್ತಿರಲಿಲ್ಲ ಎಂದು ನನ್ನ ಎಣಿಕೆ. ಬಾಸೆಲ್ ಮಿಷನ್‌ನವರು 1886ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅವರಿಗೂ ಬೇಕಾಗಿದ್ದದ್ದು ಇದೇ ಅನುಕೂಲವೇ ಇರಬೇಕು. ಹೊಳೆಯ ಮೂಲಕ ಜೇಡಿಮಣ್ಣು ತರಿಸಿ, ಕಡಲಿನ ಮೂಲಕ ಹೆಂಚು ಸಾಗಿಸಬಹುದಿತ್ತು. ಇಂದು ಅದೇ ಪರಿಸರದಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ಸೇರಿದ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಹಡಗು ಕಟ್ಟುತ್ತಿದೆ.

ಸಂಜೆ ಅಳಿವೆಯ ಬದಿಯ ಸೀವಾಕ್‌ಗೆ ಹೋದೆ. ಅಲೆತಡೆಗೋಡೆಯ ಮೇಲೆ ಜನರು ನಡೆದಾಡಲು ಕಟ್ಟಿದ ಈ ಹಾದಿಯ ತುದಿಯಲ್ಲಿ ನಿಂತರೆ ಒಂದು ಕಡೆ ಬಂದರಿಗೆ ಮರಳುವ ಬೋಟುಗಳೂ, ಇನ್ನೊಂದು ಕಡೆ ದ್ವೀಪಗಳ ಸಾಲೂ ಕಾಣುತ್ತವೆ. ಸೇಂಟ್ ಮೇರೀಸ್ ಎಂಬ ಹೆಸರನ್ನು ನಾವು ಒಂದು ದ್ವೀಪಕ್ಕೆ ಬಳಸಿದರೂ ಅದು ಒಂದು ಗುಂಪು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್ ಗಡ, ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯ ದ್ವೀಪಗಳೂ, ಅವುಗಳ ಸುತ್ತ ನೀರಿನಿಂದ ಅರ್ಧ ತಲೆಯೆತ್ತಿದ ಹಲವು ಬಂಡೆಗಳೂ ತೀರಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಹರಡಿಕೊಂಡಿವೆ. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ದರಿಯಾ ಬಹದ್ದೂರ್ ಗಡದ ಮೇಲೆ ಕೆಳದಿಯ ಬಸಪ್ಪ ನಾಯಕನು ಕೋಟೆ ಕಟ್ಟಿಸಿದ್ದನು. ಮಲೆನಾಡಿನ ಅರಸನೊಬ್ಬನು ಘಟ್ಟದ ಕೆಳಗೆ ಬಂದು ಸಮುದ್ರದ ನಡುವಿನ ಬಂಡೆಯ ಮೇಲೆ ಕೋಟೆ ಕಟ್ಟಿಸಬೇಕಾದರೆ, ಮೆಣಸೂ ಅಕ್ಕಿಯೂ ಈ ದಾರಿಯಲ್ಲಿ ಎಷ್ಟು ಹೋಗುತ್ತಿದ್ದಿರಬೇಕು ಎಂದು ಊಹಿಸಬಹುದು.

ಬುಧವಾರ

ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ದಕ್ಕೆಗೆ ಹೋದೆ. ಬೋಟುಗಳು ಬಂದು ನಿಲ್ಲುವ ಕಟ್ಟೆಗೆ ಇಲ್ಲಿ ದಕ್ಕೆ ಎಂದೇ ಹೆಸರು. ದಕ್ಕೆಯನ್ನು ನೋಡದೆ ಮಲ್ಪೆಯನ್ನು ನೋಡಿದೆ ಎನ್ನುವಂತಿಲ್ಲ. ಬೋಟುಗಳು ಒಂದರ ಪಕ್ಕ ಒಂದರಂತೆ ಎಷ್ಟು ಒತ್ತಾಗಿ ನಿಂತಿರುತ್ತವೆಂದರೆ, ಹೊರಸಾಲಿನ ಬೋಟಿನ ಮೀನು ನಾಲ್ಕಾರು ಬೋಟುಗಳ ಅಟ್ಟದ ಮೇಲೆ ಕೈಯಿಂದ ಕೈಗೆ ದಾಟಿ ದಡ ಸೇರುತ್ತದೆ. ಬುಟ್ಟಿ ಹೊರಗೆ ಬರುವ ಹೊತ್ತಿಗೆ ಕೆಳಗೆ ಮಹಿಳೆಯರು ಸ್ಟೂಲಿನ ಮೇಲೋ ತಲೆಕೆಳಗಾದ ಕ್ರೇಟಿನ ಮೇಲೋ ಕುಳಿತು ಕಾಯುತ್ತಿರುತ್ತಾರೆ. ಮೀನು ರಾಶಿಯಾಗಿ ಬಿದ್ದ ಕೂಡಲೇ ವಿಂಗಡಣೆ ಶುರುವಾಗುತ್ತದೆ. ನನ್ನ ಎದುರಿಗಿದ್ದವರು ಕೈಗವಸು ತೊಟ್ಟ ಎರಡು ಕೈಗಳಿಂದ, ಕಣ್ಣು ಅತ್ತ ಹೊರಳಿಸಿ ಪಕ್ಕದವರೊಡನೆ ತುಳುವಿನಲ್ಲಿ ಮಾತನಾಡುತ್ತಲೇ, ಸಿಗಡಿಯನ್ನು ಒಂದು ಬುಟ್ಟಿಗೆ, ಬೊಂಡಾಸನ್ನು ಇನ್ನೊಂದಕ್ಕೆ, ನಂಗನ್ನು ಮತ್ತೊಂದಕ್ಕೆ ಎಸೆಯುತ್ತಿದ್ದರು. ಒಂದೂ ತಪ್ಪು ಬುಟ್ಟಿಗೆ ಬೀಳಲಿಲ್ಲ. ಮೃದು ಮೀನಿನ ನಡುವೆ ಮುಳ್ಳಿನ ಮೀನೂ ಇರುತ್ತದೆ, ಚುಚ್ಚಿದರೆ ಕೈ ಊದಿಕೊಳ್ಳುತ್ತದೆ. ಬೆರಳುಗಳಿಗೆ ಆ ಭೇದ ಮುಟ್ಟಿದ ಕ್ಷಣಕ್ಕೇ ಗೊತ್ತಾಗುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದೆ.

ಬೋಟುಗಳಲ್ಲಿ ಜಾತಿಗಳಿವೆ. ಹತ್ತಿರದ ನೀರಿನಲ್ಲಿ ಸಿಗಡಿಗಾಗಿ ಹೋಗಿ ಬೇಗ ಮರಳುವ ಸಣ್ಣ ಟ್ರಾಲ್ ಬೋಟು, ಎಂಟು ಹತ್ತು ದಿನ ಕಡಲಿನಲ್ಲೇ ಉಳಿಯುವ ಆಳಸಮುದ್ರದ ಬೋಟು, ಬಂಗುಡೆ ಬೂತಾಯಿಯಂಥ ಗುಂಪಾಗಿ ಓಡುವ ಮೀನನ್ನು ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟು, ಇವೆಲ್ಲವಕ್ಕಿಂತ ಹಳೆಯದಾದ ನಾಡದೋಣಿ. ಆಳಸಮುದ್ರಕ್ಕೆ ಹೊರಟ ಬೋಟಿಗೆ ಐಸು ತುಂಬುವ ಕೆಲಸ ನಡೆದಿತ್ತು. ಮಂಜುಗಡ್ಡೆಯ ಉದ್ದನೆಯ ಅಚ್ಚುಗಳು ಲಾರಿಯಿಂದ ಇಳಿದು, ಯಂತ್ರದ ಬಾಯಲ್ಲಿ ಪುಡಿಯಾಗಿ, ಕೊಳವೆಯ ಮೂಲಕ ಬೋಟಿನ ಹೊಟ್ಟೆ ಸೇರುತ್ತಿದ್ದವು. ಐಸು ಮುಗಿದರೆ ಬಲೆಗೆ ಎಷ್ಟು ಮೀನು ಬಿದ್ದರೂ ಪ್ರಯೋಜನವಿಲ್ಲ. ಡೀಸೆಲ್, ಐಸು, ಅಕ್ಕಿ, ಕುಡಿಯುವ ನೀರು, ಈ ನಾಲ್ಕರ ಲೆಕ್ಕವೇ ಬೋಟು ಎಷ್ಟು ದಿನ ಹೊರಗಿರಬಹುದೆಂಬುದನ್ನು ತೀರ್ಮಾನಿಸುತ್ತದೆ. ಬಿಸಿಲೇರುವ ಮುನ್ನವೇ ಏಲಂ ಮುಗಿದು, ಲಾರಿಗಳು ಕೇರಳಕ್ಕೂ ಘಟ್ಟದ ಮೇಲಕ್ಕೂ ಹೊರಟವು. ಮೇಲೆ ಗರುಡಗಳು ಸುತ್ತುತ್ತಿದ್ದವು. ಚೆಲ್ಲಿದ ಮೀನಿಗೆ ಎರಗುವಾಗ ಅವು ಮನುಷ್ಯರ ಭುಜದ ಎತ್ತರದಲ್ಲೇ ಹಾರಿಹೋಗುತ್ತವೆ.

ಅಂದೇ ದ್ವೀಪಕ್ಕೆ ಹೋಗಬಹುದೇ ಎಂದು ಕೇಳಲು ಪ್ರವಾಸಿ ಬೋಟಿನ ಕಟ್ಟೆಗೆ ಬಂದಾಗ ಹನ್ನೊಂದು ದಾಟಿತ್ತು. ಅಲ್ಲಿದ್ದ ಹಿರಿಯ ತಾಂಡೇಲರು ಹಲವು ವರ್ಷ ಮೀನುಗಾರಿಕೆಯ ಬೋಟು ನಡೆಸಿ ಈಗ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದವರು. ಅವರು ಆಕಾಶ ನೋಡಲಿಲ್ಲ, ನೀರಿನ ಮೇಲ್ಮೈಯನ್ನೇ ತೋರಿಸಿದರು.

"ಇವತ್ತು ಬೇಡ ಸರ್. ಗಾಳಿ ಬೇಗ ಎದ್ದಿದೆ. ಹೋಗುವುದೇನೋ ಹೋಗಬಹುದು, ಅಲ್ಲಿ ಇಳಿಸುವಾಗ ದೋಣಿ ನಿಲ್ಲುವುದಿಲ್ಲ. ಹೆಂಗಸರು, ಮಕ್ಕಳು ಇರ್ತಾರೆ. ನಾಳೆ ಬೆಳಿಗ್ಗೆ ಮೊದಲ ಬೋಟಿಗೆ ಬನ್ನಿ."

ಈ ತಿಂಗಳುಗಳಲ್ಲಿ ಕರಾವಳಿಯ ಗಾಳಿಗೆ ದಿನದ ಒಂದು ಕ್ರಮವಿದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೀರು ಮಟ್ಟಸವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗುತ್ತದೆ; ಮಧ್ಯಾಹ್ನದ ಹೊತ್ತಿಗೆ ಅಲೆಗಳ ತಲೆ ಬೆಳ್ಳಗಾಗುತ್ತದೆ. ಮಠದ ಊಟ ಮುಗಿಸಿ ಬರುವ ಪ್ರವಾಸಿಗರು ತಲುಪುವುದು ಸರಿಯಾಗಿ ಆ ಹೊತ್ತಿಗೆ. ಬೋಟು ಹೊರಡಲಿಲ್ಲವೆಂದು ಸಿಟ್ಟಾಗುವವರನ್ನು ಅಂದೂ ಅಲ್ಲಿ ಕಂಡೆ. ಬೇಡ ಎನ್ನುವವರ ಮಾತಿಗೆ ಈ ಊರಿನಲ್ಲಿ ಎಷ್ಟು ತೂಕವಿದೆ ಎಂಬುದು ಅವರಿಗೆ ತಿಳಿದಿದ್ದರೆ ಹಾಗೆ ಮಾತನಾಡುತ್ತಿರಲಿಲ್ಲ. 2018ರ ಡಿಸೆಂಬರ್ 13ರಂದು ಇದೇ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು 7 ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿತು. ಹೋದವರು ಮರಳಲಿಲ್ಲ. ದಕ್ಕೆಯಲ್ಲಿ ಆ ಬೋಟಿನ ಹೆಸರೆತ್ತಿದರೆ ಈಗಲೂ ಮಾತು ನಿಧಾನವಾಗುತ್ತದೆ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ವಡಭಾಂಡೇಶ್ವರಕ್ಕೆ ಹೋದೆ. ಕಡಲತೀರಕ್ಕೆ ಹತ್ತಿರದಲ್ಲೇ ಇರುವ ಈ ಬಲರಾಮ ದೇವಸ್ಥಾನದ ಕಥೆ ಉಡುಪಿಯ ಕಥೆಯೂ ಹೌದು. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತೆಂದೂ, ತೀರದಲ್ಲಿದ್ದ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ದಡಕ್ಕೆ ತಂದರೆಂದೂ, ನಾವಿಕನು ಕೊಡಲು ಬಂದ ಸಂಪತ್ತನ್ನು ಒಲ್ಲದೆ ಹಡಗಿನ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಡ್ಡೆಯನ್ನು ಮಾತ್ರ ಕೇಳಿ ಪಡೆದರೆಂದೂ, ಅದರೊಳಗಿದ್ದ ಕೃಷ್ಣನ ಮೂರ್ತಿಯೇ ಇಂದು ಉಡುಪಿಯ ಮಠದಲ್ಲಿರುವುದೆಂದೂ ಪರಂಪರೆ ಹೇಳುತ್ತದೆ; ಬಲರಾಮನ ಮೂರ್ತಿ ಇಲ್ಲಿಯೇ ಉಳಿಯಿತು. 13ನೆಯ ಶತಮಾನದ ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ಸಣ್ಣ ವಿವರದಲ್ಲಿ. ಖಾಲಿ ಹಡಗು ಮಗುಚದಂತೆ ತಳದಲ್ಲಿ ಮಣ್ಣಿನ ಗಡ್ಡೆಯನ್ನು ಭಾರಕ್ಕಿಡುವುದು ನಾವಿಕರ ನಿಜವಾದ ಪದ್ಧತಿ. ಹಡಗನ್ನು ಬಲ್ಲ ಜನರು ಹೇಳಿಕೊಂಡು ಬಂದ ಕಥೆ ಇದು. ಮುಂಗಾರು ಮುಗಿಯುತ್ತ ಬಂದಾಗ ಮಲ್ಪೆಯ ಮೀನುಗಾರ ಸಮುದಾಯವಾದ ಮೊಗವೀರರು ಸಮುದ್ರಪೂಜೆಗೆ ಹೊರಡುವುದೂ ಈ ದೇವಸ್ಥಾನದಲ್ಲಿ ಪ್ರಾರ್ಥನೆ ಸಲ್ಲಿಸಿಯೇ. ತೀರಕ್ಕೆ ಮೆರವಣಿಗೆಯಲ್ಲಿ ಬಂದು ಹಾಲು, ಹೂವು, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸುತ್ತಾರೆ. ಬೊಬ್ಬರ್ಯ ದೈವಕ್ಕೂ ಅವರು ಅಷ್ಟೇ ನಡೆದುಕೊಳ್ಳುತ್ತಾರೆ. ಕಡಲಿನಲ್ಲಿ ಜೀವ ಬಿಟ್ಟ ಮುಸ್ಲಿಂ ನಾವಿಕನೊಬ್ಬ ದೈವವಾಗಿ ಮೀನುಗಾರರನ್ನು ಕಾಯುತ್ತಾನೆಂಬ ನಂಬಿಕೆ ಈ ತೀರದುದ್ದಕ್ಕೂ ಇದೆ.

ಗುರುವಾರ

ಬೆಳಿಗ್ಗೆ ಗಾಳಿ ಇರಲಿಲ್ಲ. ಮೊದಲ ಬೋಟು ತುಂಬಲು ಬೇಕಾದಷ್ಟು ಜನ ಸೇರುವವರೆಗೆ ಕಾದು, ಎಲ್ಲರೂ ಜೀವರಕ್ಷಕ ಜಾಕೆಟ್ ತೊಟ್ಟ ಮೇಲೆ ಹೊರಟೆವು. ಬಂದರಿನಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್. ಅಳಿವೆ ದಾಟುವಾಗ ಬೋಟು ಎರಡು ಮೂರು ಬಾರಿ ಮೇಲೆದ್ದು ಇಳಿಯಿತು. ಹೊಳೆಯ ನೀರೂ ಕಡಲಿನ ನೀರೂ ತಾಕುವ ಆ ಜಾಗದಲ್ಲಿ ಮರಳು ಕೂಡಿ ಆಳ ಕಡಿಮೆಯಾಗುವುದರಿಂದ ಅಲೆ ಅಲ್ಲಿಯೇ ಒಡೆಯುತ್ತದೆ. ಮಳೆಗಾಲದಲ್ಲಿ ಬೋಟುಗಳು ಅಪಾಯಕ್ಕೆ ಸಿಲುಕುವುದೂ ಹೆಚ್ಚಾಗಿ ಇಲ್ಲಿಯೇ. ಅದರಾಚೆ ನೀರು ಹಸಿರಿನಿಂದ ನೀಲಿಗೆ ತಿರುಗಿತು. ಹಿಂದೆ ತಿರುಗಿ ನೋಡಿದರೆ ತೆಂಗಿನ ಸಾಲಿನ ಮೇಲೆ ದೂರಕ್ಕೆ ಪಶ್ಚಿಮ ಘಟ್ಟದ ಗೆರೆ.

ದ್ವೀಪದ ಬದಿಯಲ್ಲಿ ನೀರಿನ ಅಡಿಗೆ ಬಂಡೆಗಳಿರುವುದರಿಂದ ದೊಡ್ಡ ಬೋಟು ತೀರದವರೆಗೆ ಹೋಗುವಂತಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಮ್ಮನ್ನು ಸಣ್ಣ ದೋಣಿಗೆ ದಾಟಿಸಿದರು, ಮೊಣಕಾಲು ನೀರಿನಲ್ಲಿ ಇಳಿದು ದಡ ಸೇರಿದೆವು. ಹಿಂದಿನ ದಿನ ತಾಂಡೇಲರು ಬೇಡ ಎಂದದ್ದು ಈ ದಾಟಿಸುವ ಗಳಿಗೆಯನ್ನು ನೆನೆದೇ.

ತೆಂಗಿನ ದ್ವೀಪ ದೊಡ್ಡದಲ್ಲ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 10 ಮೀಟರಿನ ಆಸುಪಾಸು. ಮನೆಗಳಿಲ್ಲ, ರಾತ್ರಿ ಉಳಿಯಲು ಅನುಮತಿಯೂ ಇಲ್ಲ. ಪೂರ್ವದ ಬದಿಯಲ್ಲಿ ಮರಳು, ನಡುವೆ ತೆಂಗಿನ ತೋಪು, ಕೆಲವೆಡೆ ಮರಳಿನ ಬದಲು ಒಡೆದ ಚಿಪ್ಪುಗಳೇ ಹಾಸಿಕೊಂಡ ಅಂಚು. ಜೊತೆಗೆ ಬಂದವರಲ್ಲಿ ಹೆಚ್ಚಿನವರು ಮರಳಿನ ಕಡೆಗೆ ಹೋದರು. ನಾನು ತೋಪು ದಾಟಿ ಪಶ್ಚಿಮಕ್ಕೆ ನಡೆದೆ. ದ್ವೀಪದ ನಿಜವಾದ ಸಂಪತ್ತು ಆ ಕಡೆಗಿದೆ.

ಅಲ್ಲಿ ಕಲ್ಲು ಕಂಬಗಳಾಗಿ ನಿಂತಿದೆ. ಕೆತ್ತಿ ನಿಲ್ಲಿಸಿದಂತೆ ಕಾಣುವ ಈ ಕಂಬಗಳು ಆರು, ಐದು, ಕೆಲವೊಮ್ಮೆ ಏಳು ಅಥವಾ ನಾಲ್ಕು ಮುಖಗಳವು. ಒಂದಕ್ಕೊಂದು ನಡುವೆ ಬೆರಳು ಹೋಗದಷ್ಟು ಒತ್ತಾಗಿ, ಎತ್ತರದಲ್ಲಿ ಹಲವು ಆಳೆತ್ತರವನ್ನೂ ಮೀರುತ್ತವೆ. ಅತಿ ಎತ್ತರದವು ಸುಮಾರು 6 ಮೀಟರ್. ನೆಲದಿಂದ ಉಕ್ಕಿದ ಲಾವಾ ದಪ್ಪ ಪದರವಾಗಿ ಹರಡಿ ತಣಿಯುವಾಗ ಕುಗ್ಗುತ್ತದೆ. ಕುಗ್ಗುವ ಕಲ್ಲು ಎಲ್ಲ ದಿಕ್ಕಿಗೂ ಸಮನಾಗಿ ಎಳೆಯಲ್ಪಟ್ಟಾಗ ಬಿರುಕುಗಳು ಮೂರು ಮೂರಾಗಿ ಕೂಡಿ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರಿನಂತೆ, ಮೇಲ್ಮೈಯನ್ನು ಬಹುಭುಜಗಳಾಗಿ ಒಡೆಯುತ್ತವೆ. ಕೆಸರಿನಲ್ಲಿ ಬಿರುಕು ಒಂದೆರಡು ಗೇಣಿಗೆ ನಿಲ್ಲುತ್ತದೆ. ಲಾವಾದಲ್ಲಿ ತಣಿವು ಒಳಕ್ಕಿಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತ ಹೋಗುತ್ತದೆ, ಉಳಿದದ್ದು ಕಂಬವಾಗುತ್ತದೆ. ಆದ್ದರಿಂದ ಕಂಬಗಳು ಯಾವಾಗಲೂ ತಣಿದ ಮೇಲ್ಮೈಗೆ ಲಂಬವಾಗಿರುತ್ತವೆ. ಒಂದು ಕಂಬದ ಬುಡದಲ್ಲಿ ಕುಳಿತು ನೋಡಿದಾಗ ಅದಕ್ಕೆ ಅಡ್ಡ ಬಿರುಕುಗಳೂ ಇರುವುದು ಕಂಡಿತು. ಅಂದರೆ ಕಂಬವು ಒಂದೇ ಕಲ್ಲಲ್ಲ, ಒಂದರ ಮೇಲೊಂದು ಕೂತ ತುಂಡುಗಳು. ಅಲೆ ಆ ಅಡ್ಡಗೆರೆಯಲ್ಲಿ ಉಪ್ಪುನೀರು ತುಂಬಿ, ವರ್ಷಗಳ ಮೇಲೆ ವರ್ಷ ಸಡಿಲಿಸಿ, ಕೊನೆಗೆ ಮೇಲಿನ ತುಂಡನ್ನು ಉರುಳಿಸುತ್ತದೆ. ಉರುಳಿದ ತುಂಡುಗಳು ಕೆಳಗೆ ನೀರಿನಲ್ಲಿ ಅಂಚು ಸವೆದು ಬಿದ್ದಿದ್ದವು. ನೀರೇರುವ ಮಟ್ಟದವರೆಗೆ ಕಂಬಗಳ ಬುಡಕ್ಕೆ ಪಚ್ಚಿಲೆ ಎಂಬ ಚಿಪ್ಪುಜೀವಿಯೂ ಸಿಂಪಿಯೂ ಅಂಟಿಕೊಂಡು, ಅದರ ಮೇಲಿನ ಕಲ್ಲು ಬರಿದಾಗಿತ್ತು. ಕಡಲು ಎಲ್ಲಿಯವರೆಗೆ ಏರುತ್ತದೆಂದು ಆ ಗೆರೆಯೇ ಹೇಳುತ್ತದೆ.

ಇದನ್ನು ಸಾಮಾನ್ಯವಾಗಿ ಬಸಾಲ್ಟ್ ಎಂದು ಕರೆಯುವ ರೂಢಿಯಿದೆ. ಭೂವಿಜ್ಞಾನಿಗಳು ಮಾಡಿದ ಪರೀಕ್ಷೆಗಳ ಪ್ರಕಾರ ಇದು ಸಿಲಿಕಾ ಅಂಶ ಹೆಚ್ಚಾಗಿರುವ ರೈಯೊಲೈಟ್ ಮತ್ತು ಡೇಸೈಟ್ ಬಗೆಯ ಕಲ್ಲು. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಮಹಾರಾಷ್ಟ್ರದ ಘಟ್ಟಗಳನ್ನು ಕಟ್ಟಿದ ದಖ್ಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಬಹಳ ಹಿಂದಿನದು ಇದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತವೂ ಮಡಗಾಸ್ಕರೂ ಒಂದೇ ಭೂಭಾಗವಾಗಿದ್ದು, ಅವು ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿದ್ದ ಕಾಲದಲ್ಲಿ ಬಾಯ್ದೆರೆದ ಬಿರುಕುಗಳಿಂದ ಈ ಲಾವಾ ಹೊರಬಂತು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ನಾನು ನಿಂತ ಕಲ್ಲಿನ ಎದುರಿಗೆ, ನೈರುತ್ಯಕ್ಕೆ ಸುಮಾರು 4000 ಕಿಲೋಮೀಟರ್ ಆಚೆ, ಆ ನಾಡು ಈಗ ಇದೆ. ಒಂದು ಕಾಲಕ್ಕೆ ಇಲ್ಲಿಂದ ಅಲ್ಲಿಗೆ ಒಣನೆಲದ ಮೇಲೆ ನಡೆದೇ ಹೋಗಬಹುದಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು ಈ ಕಾರಣಕ್ಕೆ. ಕರ್ನಾಟಕದಲ್ಲಿ ಇಂಥ ನಾಲ್ಕು ಸ್ಮಾರಕಗಳಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿಯ ಸಮೀಪದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ಉಳಿದ ಮೂರು. ಅವೆಲ್ಲವೂ ಇದಕ್ಕಿಂತ ಎಷ್ಟೋ ಪಾಲು ಹಳೆಯವು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಆ ಸಾಲಿನಲ್ಲಿ ಕಿರಿಯದಾದರೂ ಭೂಮಿಯ ಚಲನೆಯನ್ನು ಸಾಮಾನ್ಯ ಕಣ್ಣಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಮತ್ತೊಂದಿಲ್ಲ ಎಂದು ನಾನು ನಂಬುತ್ತೇನೆ.

ಅಷ್ಟು ಹೊತ್ತಿಗೆ ಮರಳಿನ ಕಡೆಯಿದ್ದ ಯುವಕರು ಕಂಬಗಳ ತುದಿ ಹತ್ತತೊಡಗಿದರು. ಕಾವಲಿನವರು ಸೀಟಿ ಊದುತ್ತಲೇ ಇದ್ದರು. ಪಶ್ಚಿಮದ ಬಂಡೆಗಳ ಮೇಲೆ ಪಾಚಿಯಿದೆ, ಅಲೆ ಹೇಳಿಕೇಳಿ ಬರುವುದಿಲ್ಲ, ಹಿಂದೆ ಇಲ್ಲಿ ಜೀವಗಳು ಹೋಗಿವೆ. ನನಗೆ ಅದಕ್ಕಿಂತಲೂ ನೋವಾದದ್ದು ಕಂಬಗಳ ಮುಖದ ಮೇಲೆ ಗೀಚಿದ ಹೆಸರುಗಳನ್ನು ಕಂಡಾಗ. ಕೋಟ್ಯಂತರ ವರ್ಷ ಉಳಿದು ಬಂದ ಕಲ್ಲಿನ ಮೈಯನ್ನು ಕೀರಿದವರಿಗೆ ಆ ಕಲ್ಲು ಏನೆಂದು ಯಾರೂ ಹೇಳಿಯೇ ಇಲ್ಲ. ದ್ವೀಪಕ್ಕೆ ಹೊರಡುವ ಬೋಟಿನಲ್ಲಿ ಜಾಕೆಟ್ ಕೊಡುವ ಹೊತ್ತಿಗೆ, ಕನ್ನಡದಲ್ಲೂ ತುಳುವಿನಲ್ಲೂ, ಐದು ನಿಮಿಷ ಈ ಕಲ್ಲಿನ ಕಥೆಯನ್ನು ಹೇಳುವ ಏರ್ಪಾಡು ಆಗಬೇಕು. ಊರಿನ ಯುವಕರಿಗೇ ಆ ಕೆಲಸ ಕೊಡಬಹುದು. ತಿಳಿದ ಮೇಲೂ ಗೀಚುವವರು ಕೆಲವರೇ ಇರುತ್ತಾರೆ.

ಬಂದ ತಂಡ ಸುಮಾರು ಒಂದು ಗಂಟೆಯಲ್ಲಿ ಮರಳಬೇಕೆಂಬುದು ಕ್ರಮ. ದೋಣಿಯವರು ಕೂಗಿ ಕರೆದಾಗ ದ್ವೀಪದ ಉತ್ತರದ ತುದಿಯನ್ನು ನಾನಿನ್ನೂ ನೋಡಿರಲಿಲ್ಲ. ಮರಳುವ ದಾರಿಯಲ್ಲಿ ಬೋಟಿನಲ್ಲಿ ವಾಸ್ಕೊ ಡ ಗಾಮಾನ ಮಾತು ಬಂತು. ಗಾಮಾ ಮೊದಲು ಇಲ್ಲಿಗೆ ಬಂದು, ಶಿಲುಬೆ ನೆಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಪಕ್ಕದವರೊಬ್ಬರು ತಮ್ಮ ಮಗಳಿಗೆ ಹೇಳುತ್ತಿದ್ದರು. ಹೀಗೆ ಬಹಳ ಕಡೆ ಬರೆದಿರುವುದನ್ನೂ ಕಂಡಿದ್ದೇನೆ. ಆದರೆ ಆ ಯಾತ್ರೆಯಲ್ಲಿದ್ದವರೊಬ್ಬರು ಬರೆದಿಟ್ಟ ದಿನಚರಿಯ ಪ್ರಕಾರ ಕ್ರಮ ತಿರುಗುಮುರುಗು. ಗಾಮಾ ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಯ ಅರಸ ಸಾಮೂತಿರಿಯೊಂದಿಗೆ ವ್ಯವಹಾರ ಕೆಟ್ಟು, ಆಗಸ್ಟ್ ಕೊನೆಯಲ್ಲಿ ಹೊರಟು, ಉತ್ತರಕ್ಕೆ ಅಂಜುದೀವ ದ್ವೀಪದ ಕಡೆಗೆ ಸಾಗುವಾಗ, ಸೆಪ್ಟೆಂಬರಿನಲ್ಲಿ, ತೀರದಿಂದ ಸ್ವಲ್ಪ ದೂರದ ದ್ವೀಪವೊಂದರಲ್ಲಿ ಕಲ್ಲಿನ ಸ್ತಂಭವನ್ನು ನೆಟ್ಟು ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರು. ದ್ವೀಪಗಳ ಈಗಿನ ಹೆಸರು ಆ ಸ್ತಂಭದ್ದು. ಸ್ತಂಭ ಇಂದು ಇಲ್ಲ. ದಿನಚರಿಯಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಬೇರೆ: ಆ ಹಡಗುಗಳ ಬಳಿಗೆ ಮೊದಲು ದೋಣಿಯಲ್ಲಿ ಬಂದವರು, ಅವರಿಗೆ ಮೀನು ಮಾರಿದವರು, ಇಲ್ಲಿಯ ಮೀನುಗಾರರು. ಐದು ಶತಮಾನಗಳ ಹಿಂದಿನ ಆ ದಿನವೂ ದ್ವೀಪದ ಬಾಗಿಲಲ್ಲಿ ನಿಂತಿದ್ದವರು ಅವರೇ.

ಶುಕ್ರವಾರ

ಹೊರಡುವ ದಿನ. ಸೇತುವೆ ದಾಟಿ ಪಡುಕೆರೆಗೆ ನಡೆದೆ. ಎಡಕ್ಕೆ ಹೊಳೆ, ಬಲಕ್ಕೆ ಕಡಲು, ನಡುವೆ ಒಂದು ರಸ್ತೆ, ಮನೆಗಳು, ತೆಂಗು. ಕಡಲಿನ ಬದಿಯಲ್ಲಿ ಅಲ್ಲಲ್ಲಿ ಕೊರೆತ ತಡೆಯಲು ಬಂಡೆಗಳನ್ನು ಪೇರಿಸಿದ್ದಾರೆ.

ಒಂದು ಮನೆಯ ಮುಂದೆ ಒಣಮೀನು ಹರಡುತ್ತಿದ್ದ ಹಿರಿಯ ಮಹಿಳೆ ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ದ್ವೀಪ ನೋಡಲು ಬಂದಿದ್ದೆ ಎಂದೆ.

"ನಾನು ಒಮ್ಮೆಯೂ ಹೋಗಲಿಲ್ಲ. ನಮ್ಮ ಗಂಡಸರು ದಿನಾ ಅದರ ಆಚೆಗೇ ಹೋಗುವವರು, ಅಲ್ಲಿ ಇಳಿಯಲಿಕ್ಕೆ ಅವರಿಗೆ ಕೆಲಸ ಏನುಂಟು? ಬರುವಾಗ ದ್ವೀಪ ಕಂಡರೆ ಮನೆ ಹತ್ತಿರ ಬಂತು ಅಂತ ಲೆಕ್ಕ."

ಮಗ ಪ್ರವಾಸಿ ಬೋಟಿನಲ್ಲಿ ಕೆಲಸಕ್ಕಿದ್ದಾನೆ ಎಂದೂ ಅವರು ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮೀನು ಮೊಟ್ಟೆಯಿಡುವ ಕಾಲವೆಂಬುದು ಅದರ ಕಾರಣ. ಮಳೆಗಾಲದುದ್ದಕ್ಕೂ ದ್ವೀಪದ ಬೋಟುಗಳೂ ನಿಲ್ಲುತ್ತವೆ. ಆಗ ಸಣ್ಣ ನಾಡದೋಣಿಗಳಿಗೆ ಮಾತ್ರ ಅವಕಾಶ, ಅದೂ ಕಡಲು ಶಾಂತವಾಗಿರುವ ದಿನ. ಆ ತಿಂಗಳುಗಳನ್ನು ದಾಟಿಸುವುದು ಈ ಮಹಿಳೆಯರು ಒಣಗಿಸಿಟ್ಟ ಮೀನು. ಪ್ರವಾಸಿಗರು ತೀರದ ಸೊಬಗನ್ನು ಹೊಗಳುವಾಗ ಈ ಒಣಮೀನಿನ ವಾಸನೆಗೆ ಮೂಗು ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೂ ಸ್ವಲ್ಪ ಮುಂದೆ ಕೈರಂಪಣಿ ಎಳೆಯುತ್ತಿದ್ದರು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಕಡಲನ್ನು ಸುತ್ತಿ ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಸಾಲು ಜನ ಎರಡೂ ಹಗ್ಗಗಳನ್ನು ಎಳೆಯುತ್ತ, ನಿಧಾನವಾಗಿ ಪರಸ್ಪರ ಹತ್ತಿರವಾಗುತ್ತ ಬರುತ್ತಾರೆ. ಯಾಂತ್ರಿಕ ಬೋಟುಗಳು ಬರುವ ಮುನ್ನ ಈ ತೀರದ ಮೀನುಗಾರಿಕೆಯೇ ರಂಪಣಿ; ದೊಡ್ಡ ರಂಪಣಿಗೆ ಇಡೀ ಕೇರಿಯೇ ಬೇಕಾಗುತ್ತಿತ್ತು. ನನ್ನನ್ನೂ ಹಗ್ಗಕ್ಕೆ ಕರೆದರು. ಒದ್ದೆ ಹಗ್ಗ ಮರಳಿನ ಕಣಗಳೊಂದಿಗೆ ಅಂಗೈಯನ್ನು ಉಜ್ಜುತ್ತದೆ. ಎಳೆಯುವುದು ತೋಳಿನಿಂದಲ್ಲ, ಹಗ್ಗವನ್ನು ಸೊಂಟಕ್ಕೆ ತಂದು ಹಿಂದಕ್ಕೆ ಹೆಜ್ಜೆಯಿಡುತ್ತ ಎಂದು ಪಕ್ಕದ ಹುಡುಗ ತೋರಿಸಿಕೊಟ್ಟ. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬೂತಾಯಿಯೂ ಕೆಲವು ಬಂಗುಡೆಗಳೂ ಬೆಳ್ಳಿಯ ಹಾಗೆ ಜಿಗಿದವು. ಅಂದಿನದು ಹೇಳಿಕೊಳ್ಳುವಷ್ಟು ಮೀನಲ್ಲ ಎಂದು ಅವರು ಮಾತನಾಡಿಕೊಂಡರು.

ಆಮೇಲೆ ಪಾಲು. ಬಲೆಯವರಿಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಮರಳಿನ ಮೇಲೆಯೇ ಗುಡ್ಡೆ ಹಾಕಿದರು, ಯಾರೂ ತೂಕ ಮಾಡಲಿಲ್ಲ, ಯಾರೂ ತಕರಾರು ತೆಗೆಯಲಿಲ್ಲ. ಹಗ್ಗ ಮುಟ್ಟಿದ ಮಕ್ಕಳಿಗೂ ಒಂದೊಂದು ಹಿಡಿ ಸಿಕ್ಕಿತು. ನನ್ನ ಕೈಗೂ ಅವರು ಒಂದಷ್ಟು ಬಂಗುಡೆ ಹಾಕಿ, ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು ಉಂಟು, ಬೇಡ ಅನ್ನಬಾರದು ಎಂದರು. ವಸತಿಗೃಹದ ಅಡುಗೆಯವರು ಅದನ್ನು ಮಧ್ಯಾಹ್ನದ ಊಟಕ್ಕೆ ಪುಳಿಮುಂಚಿ ಮಾಡಿ ಬಡಿಸಿದರು. ಉಂಡು, ಎರಡು ಗಂಟೆಯ ಬಸ್ಸಿಗೆ ಉಡುಪಿಗೆ ಹೊರಟೆ.